ಲಂಡನ್ ಕೆಲಸ ಬಿಟ್ಟು ಬಂದ ಡಾಕ್ಟರು ನಾನಲ್ಲ

ಮೂರು ದಿನದಿಂದ ವಾಟ್ಸಾಪ್‌ನಲ್ಲಿ ನನ್ನ ಫೋಟೊ ಓಡಾಡುತ್ತಿದೆ. ಲಂಡನ್‌ನಲ್ಲಿ ಲಕ್ಷಗಟ್ಟಲೆ ಸಂಬಳ ಬಿಟ್ಟು ಹಿರೇಕೆರೂರಿಗೆ ಬಂದೆ, ಫೀಸೇ ತಗೊಳ್ಳಲ್ಲ ಅಂತ. ಎರಡೂ ಸುಳ್ಳು. ನನ್ನ ಹತ್ರ ಪಾಸ್‌ಪೋರ್ಟೇ ಇಲ್ಲ! 2001ರಲ್ಲಿ ಸಿಇಟಿ ಬರೆದು ಹುಬ್ಬಳ್ಳಿ ಕಿಮ್ಸ್ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟು ಸಿಕ್ಕಿತು, ನಾಲ್ಕೂವರೆ ವರ್ಷ ಓದು, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಪಿಜಿ ಸೀಟಿಗೆ ಎರಡು ಸಲ ಬರೆದೆ, ಸಿಗಲಿಲ್ಲ. ಅಷ್ಟರಲ್ಲಿ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಊರಿಗೆ ಬಂದೆ. ಇದರಲ್ಲಿ ತ್ಯಾಗ ಎಲ್ಲಿದೆ ಹೇಳಿ?

ಇನ್ನು ಕೆಲವರು, ಓದು ಮುಗಿಸಿ ಹಳ್ಳಿಯಲ್ಲಿ ಕೆಲಸ ಮಾಡಲೇಬೇಕು ಅಂತ ಸರ್ಕಾರಕ್ಕೆ ಬರೆದುಕೊಟ್ಟ ಬಾಂಡ್ ಇತ್ತು, ಅದಕ್ಕೇ ಬಂದ ಅಂತಿದ್ದಾರೆ. ಹಳ್ಳಿ ಸೇವೆ ಕಡ್ಡಾಯ ಮಾಡಿದ ರಾಜ್ಯದ ಕಾಯ್ದೆ 2012ರದು. ನಾನು ಓದು ಮುಗಿಸಿದ್ದು 2007ಕ್ಕೆ.

ಫೀಸು ಐವತ್ತು ರೂಪಾಯಿ. ಇಲ್ಲದವರ ಹತ್ರ ಕೇಳಲ್ಲ, ಅಷ್ಟೇ. ಮೊನ್ನೆ ಒಬ್ಬ ಅಜ್ಜಿ ಆ ಮೆಸೇಜು ತೋರಿಸಿ, 'ಲಂಡನ್ ಸೂಜಿ ಮಾಡ್ರೀ ಡಾಕ್ಟ್ರ' ಅಂದಳು. ನೆಗಡಿಗೆ ಸೂಜಿ ಬೇಡವ್ವ ಅಂತ ಬಿಸಿನೀರಿನ ಹಬೆ ತಗೊಳ್ಳೋಕೆ ಹೇಳಿ ಕಳಿಸಿದೆ. ಬೇಜಾರಾಗಿ ಎದ್ದು ಹೋದಳು. ದಯವಿಟ್ಟು ಆ ಮೆಸೇಜು ಫಾರ್ವರ್ಡ್ ಮಾಡಬೇಡಿ.