ಬ್ರೇಕ್ ಸರಿಯಾಯಿತು, ಮೆಷಿನ್ ನಿಂತಿತು

ಹಳೇ ವಾಷಿಂಗ್ ಮೆಷಿನ್‌ಗೆ ರಿಪೇರಿಯವರನ್ನು ಕರೆಯುವಾಗ ಸ್ವಲ್ಪ ಎಚ್ಚರ ಬೇಕು. ಮಾಡಿಸಿದರೆ ಪೂರ್ತಿ ಮಾಡಿಸಬೇಕು, ಇಲ್ಲವಾದರೆ ಮುಟ್ಟಿಸಲೇಬಾರದು. ಅದರೊಳಗಿನ ರೋಗಗಳೆಲ್ಲ ಎಷ್ಟೋ ವರ್ಷಗಳಿಂದ ಒಟ್ಟಿಗೆ ಇದ್ದು ರಾಜಿ ಮಾಡಿಕೊಂಡಿರುತ್ತವೆ.

ನಮ್ಮದು ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್. ತೊಂಬತ್ತರ ದಶಕದಲ್ಲಿ ದುಬೈಯಿಂದ ಕಾಸರಗೋಡಿನ ಬದಿಯಡ್ಕಕ್ಕೆ ಬಂದದ್ದು. ತಂದ ನೆರೆಮನೆಯವರು ಮನೆ ಬದಲಿಸುವಾಗ ನಮಗೆ ದಾಟಿಸಿದರು. ನಾಬ್‌ಗಳ ಸುತ್ತ ಅರಬ್ಬಿ ಅಕ್ಷರ. ಒಗೆಯುವುದಕ್ಕೆ 15 ನಿಮಿಷದ ಟೈಮರ್, ಹಿಂಡುವುದಕ್ಕೆ 5 ನಿಮಿಷದ್ದು. ಎರಡೂ ಕಿರ್ರ್ ಎನ್ನುತ್ತಾ ಹಿಂದಕ್ಕೆ ಬರುವ ಕೀಲಿ ಟೈಮರ್.

ಕಾಸರಗೋಡಿನಲ್ಲಿ ಬಟ್ಟೆ ಒಗೆಯುವುದು ದೊಡ್ಡ ವಿಷಯವಲ್ಲ, ಒಣಗಿಸುವುದೇ ಕಷ್ಟ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಹಿಂಡುವ ತೊಟ್ಟಿ ಕೈಕೊಟ್ಟರೆ ಅಂಗಿಗಳೆಲ್ಲ ಬಚ್ಚಲೊಲೆಯ ಮೇಲೆ ಹೋಗುತ್ತವೆ. ಆಮೇಲೆ ನಾನು ಕ್ಲಾಸಿಗೆ ಹೋದರೆ ಅಡಿಕೆ ಸಿಪ್ಪೆಯ ಹೊಗೆ ನನಗಿಂತ ಮೊದಲೇ ಒಳಗೆ ಹೋಗಿರುತ್ತದೆ.

ನಮ್ಮ ಹಿಂಡುವ ತೊಟ್ಟಿಗೆ ಎರಡು ಕಾಯಿಲೆ. ಒಂದು, ಕೆಪಾಸಿಟರ್ ಸತ್ತಿತ್ತು. ಈ ಮೋಟಾರಿಗೆ ಮೊದಲ ತಳ್ಳು ಕೊಡುವುದೇ ಅದು. ಅದಿಲ್ಲದಿದ್ದರೆ ಮೋಟಾರು ಸುಮ್ನೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕೈಯಲ್ಲಿ ತಿರುಗಿಸಿ ಬಿಟ್ಟರೆ ಮಾತ್ರ ಹೊರಡುತ್ತದೆ, ಅದೂ ನಾವು ತಿರುಗಿಸಿದ ದಿಕ್ಕಿಗೆ. ಎರಡನೆಯದು, ಬ್ರೇಕ್ ಸವೆದಿತ್ತು. ಮುಚ್ಚಳ ತೆಗೆದರೆ ಕರೆಂಟ್ ಹೋಗಿ ಬ್ರೇಕ್ ಹಿಡಿಯಬೇಕು. ಕರೆಂಟ್ ಹೋಗುತ್ತಿತ್ತು, ಬ್ರೇಕ್ ಮಾತ್ರ ಹಿಡಿಯುತ್ತಿರಲಿಲ್ಲ. ಹಾಗಾಗಿ ಮುಚ್ಚಳ ತೆಗೆದು, ತೊಟ್ಟಿಯನ್ನು ಗರ್ರನೆ ತಿರುಗಿಸಿ, ಕೈ ಎಳೆದುಕೊಂಡು ಫಟ್ಟನೆ ಮುಚ್ಚಿದರೆ ಕೆಲಸ ಆಯಿತು. ಅಮ್ಮ ಬಲಕ್ಕೆ ಮಾತ್ರ ತಿರುಗಿಸುವುದು. ಅಪ್ರದಕ್ಷಿಣೆ ಸುತ್ತಿದ ಬಟ್ಟೆ ಮಡಿಗೆ ಆಗುವುದಿಲ್ಲವಂತೆ.

ಪೆರ್ಲದ ಕಡೆಯಿಂದ ಬಂದ ಮೆಕ್ಯಾನಿಕ್ ಇದನ್ನು ನೋಡಿ ಹೌಹಾರಿದ. "ಮಾಷ್ಟ್ರೇ, ಕೈ ಹೋದೀತು! ಮೊದಲು ಬ್ರೇಕ್ ಸರಿ ಮಾಡುವ." ಮಾತು ಸರಿಯೇ. ಹೊಸ ಬ್ರೇಕ್ ಹಾಕಿದ. ಭದ್ರ ಹಿಡಿಯಿತು. ಈಗ ಮುಚ್ಚಳ ತೆಗೆದರೆ ತೊಟ್ಟಿ ಅಲುಗುವುದಿಲ್ಲ, ಮುಚ್ಚಿದರೆ ಕೈ ಒಳಗೆ ಹೋಗುವುದಿಲ್ಲ. ಅಲ್ಲಿವರೆಗೆ ಓಡುತ್ತಿದ್ದ ಮೆಷಿನ್ ರಿಪೇರಿಯಾದ ದಿನವೇ ನಿಂತಿತು.

ಕೆಪಾಸಿಟರ್ ಸುಲಭವಾಗಿ ಸಿಕ್ಕಿತು. ತೋಟದ ಪಂಪುಗಳ ಮೋಟಾರು ಕಟ್ಟುವ ಅಂಗಡಿಯಲ್ಲಿ ಇಂಥದ್ದು ಇದ್ದೇ ಇರುತ್ತದೆ. ಆದರೆ ಅದನ್ನು ಹಾಕಲು ಮೆಷಿನ್ ಮಗುಚಿದಾಗ ಅಡಿಯಲ್ಲೊಂದು ಇಲಿಯ ಸಂಸಾರ ಕಾಣಿಸಿತು. ಅಡಿಕೆ ಸಿಪ್ಪೆಯ ಹಾಸಿಗೆ, ಅದರ ಮೇಲೆ ನನ್ನ ಕರ್ಚೀಫು, ಅಮ್ಮನ ರವಿಕೆ ಕಣದ ಚೂರು. ಊಟಕ್ಕೆ ನಮ್ಮ ಸೀಲು. ತೊಟ್ಟಿಯ ಸರಳು ಕೆಳಗಿಳಿಯುವ ಕಡೆ ನೀರು ಮೋಟಾರಿಗೆ ಸೋರದಂತೆ ಒಂದು ಮಡಿಕೆ ಮಡಿಕೆಯ ರಬ್ಬರ್ ಇರುತ್ತದಲ್ಲ, ಅದರ ಅರ್ಧ ಇರಲಿಲ್ಲ. ಹೆಂಡತಿಗೆ ಸೀಲಿಗಿಂತ ಕರ್ಚೀಫಿನ ಬಗ್ಗೆಯೇ ಜಾಸ್ತಿ ಮಾತು. ಅದು ಕಳೆದುಹೋದಾಗ ಆಕೆ ನನ್ನನ್ನು ವಿಚಾರಣೆ ಮಾಡಿದ್ದಳು.

ಉಳಿದರ್ಧ ಸೀಲನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿಕೊಂಡು ಕಾಸರಗೋಡಿಗೆ ಹೋದೆ. "ಇದಿಂಡೆ ಪಾರ್ಟ್ ಇಪ್ಪ ಕಿಟ್ಟೂಲ ಮಾಷೇ" ಎಂದು ಮಲಯಾಳದಲ್ಲಿ ಹೇಳಿದರು, ಇದರ ಪಾರ್ಟ್ ಈಗ ಸಿಗುವುದಿಲ್ಲವಂತೆ. ತಲಪಾಡಿ ದಾಟಿ ಮಂಗಳೂರಿಗೆ ಹೋದೆ. ಅಲ್ಲಿ ಸೀಲುಗಳನ್ನು ತಂತಿಗೆ ಪೋಣಿಸಿ ತೂಗುಹಾಕಿದ್ದರು. ಕಣ್ಣಿಗೆ ಎಲ್ಲ ಒಂದೇ, ಕೂರಿಸಿದರೆ ಒಂದರ ತೂತು ಸಣ್ಣ, ಇನ್ನೊಂದರ ಅಂಚು ದೊಡ್ಡ. "ಮಾಡೆಲ್ ನಂಬರ್ ಹೇಳಿ" ಎಂದರು. ಪ್ರತಿ ದೀಪಾವಳಿಗೆ ಅಮ್ಮ ಉಜ್ಜಿ ಉಜ್ಜಿ ಆ ಸ್ಟಿಕ್ಕರ್ ಬಿಳಿ ಕಾಗದವಾಗಿತ್ತು.

ಕೊನೆಗೆ ಕುಂಬಳೆಯ ಹತ್ತಿರದ ಗುಜರಿಯಲ್ಲಿ ನಮ್ಮ ಮೆಷಿನ್ನಿನ ತಮ್ಮನೇ ಕೂತಿತ್ತು. ಅದೇ ಅರಬ್ಬಿ, ಅದೇ ನೀಲಿ ಮುಚ್ಚಳ. ಸೀಲು ಮಾತ್ರ ಬಿಚ್ಚಿ ಕೊಡಿ ಎಂದೆ. ಗುಜರಿಯವರು ಬಿಡಿಭಾಗ ಮಾರುವುದಿಲ್ಲ, ತೂಕಕ್ಕೆ ಹಾಕುತ್ತಾರೆ. ಸಣ್ಣ ಟೆಂಪೋದಲ್ಲಿ ಇಡೀ ಮೆಷಿನ್ ಮನೆಗೆ ಬಂತು.

ಮೆಕ್ಯಾನಿಕ್ ಎರಡನ್ನೂ ಅಂಗಳದಲ್ಲಿ ಅಕ್ಕಪಕ್ಕ ಇಟ್ಟು ತಟ್ಟಿ ನೋಡಿದ. ಗುಜರಿಯದ್ದರ ಬಾಡಿ ತುಕ್ಕು ಹಿಡಿದಿಲ್ಲ, ಬೆಲ್ಟ್ ಗಟ್ಟಿ, ಸೀಲು ಹೊಸದರಂತಿದೆ. "ಮಾಷ್ಟ್ರೇ, ಅದರ ಸೀಲು ಇದಕ್ಕೆ ಹಾಕುವುದಕ್ಕಿಂತ, ಇದರ ಕೆಪಾಸಿಟರ್ ಅದಕ್ಕೆ ಹಾಕುವುದು ಒಳ್ಳೇದು" ಎಂದ. ಜೊತೆಗೆ ಹೊಸ ಬ್ರೇಕೂ ಹೋಯಿತು. ಮೂವತ್ತು ವರ್ಷದ ಹತ್ತಿರ ದುಡಿದದ್ದು ಈಗ ಹಟ್ಟಿಯ ಬದಿಯಲ್ಲಿದೆ. ಅಮ್ಮ ಅದಕ್ಕೆ ದನಗಳ ಹತ್ತಿ ಹಿಂಡಿ ತುಂಬಿಸಿಟ್ಟಿದ್ದಾರೆ.

ಸುದ್ದಿ ಹಬ್ಬಿದೆ. ಮುಳ್ಳೇರಿಯಾದಿಂದ ಒಬ್ಬರು ಫೋನ್ ಮಾಡಿ, ಅದರ ಟೈಮರ್ ಕೊಡುತ್ತೀರಾ ಎಂದು ಕೇಳಿದರು. ಮಾಡೆಲ್ ನಂಬರ್ ಹೇಳಿ ಎಂದೆ.