ಲೈಸೆನ್ಸ್ ಬೇಡದ ಕೋವಿ, ವೀಸಾ ಬೇಡದ ಕೀನ್ಯಾ

ಕೀನ್ಯಾ ಸರ್ಕಾರದ ತಲೆ ಹೇಗೆ ಓಡುತ್ತದೆ ಎನ್ನುವುದನ್ನು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ. ಬೇಡ ಎನ್ನುವುದಕ್ಕೆ ಮಾತ್ರ ವಿನಾಯಿತಿ ಪತ್ರ ಬೇಕು. ಪತ್ರಕ್ಕೆ ಅರ್ಜಿ ಬೇಕು, ಅರ್ಜಿಗೆ ದಾಖಲೆ ಬೇಕು, ದಾಖಲೆಗೆ ಮಡಿಕೇರಿಗೆ ನಾಲ್ಕು ಸಲ ಹತ್ತಿಳಿಯಬೇಕು. 2024ರ ಜನವರಿಯಲ್ಲಿ ಕೀನ್ಯಾ ಮಾಡಿದ್ದೂ ಇಷ್ಟೇ. ಲೋಕಕ್ಕೆಲ್ಲ ವೀಸಾ ರದ್ದು ಎಂದು ಡಂಗುರ ಹೊಡೆದು, ಖಾಲಿಯಾದ ಕುರ್ಚಿಯಲ್ಲಿ ಇಟಿಎ ಎಂಬ ಆನ್‌ಲೈನ್ ಪ್ರಯಾಣ ಅನುಮತಿಯನ್ನು ಕೂರಿಸಿತು. ಮೊದಲು ಇ-ವೀಸಾಕ್ಕೆ 51 ಡಾಲರ್ ಇತ್ತು, ಈಗ ಇಟಿಎಗೆ 30. ಅಗ್ಗವಾಯಿತಲ್ಲ ಎಂದು ನಾವು ಹಿಗ್ಗಬಹುದು. ಅದುವರೆಗೆ ವೀಸಾ ಇಲ್ಲದೆಯೇ ಕೀನ್ಯಾಕ್ಕೆ ಹೋಗಿಬರುತ್ತಿದ್ದ ದೇಶಗಳವರು ಮಾತ್ರ, ವೀಸಾ ರದ್ದಾದ ಖುಷಿಗೆ, ಮೊದಲ ಬಾರಿ ಕೈಯಿಂದ ದುಡ್ಡು ಬಿಚ್ಚಿದರು.

ಸಫಾರಿಗೆಂದು ಕೀನ್ಯಾಕ್ಕೆ ಹೋಗುವ ಕೊಡಗಿನವರು ಇಟಿಎ ಅರ್ಜಿಯನ್ನು ಹೊರಡುವುದಕ್ಕೆ ಕನಿಷ್ಠ ಮೂರು ದಿನ ಮೊದಲು ಹಾಕಬೇಕು. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯಸ್ಸಿರಬೇಕು. ವಿಮಾನದ ವಿವರ ಮತ್ತು ಉಳಿದುಕೊಳ್ಳುವ ಜಾಗದ ಬುಕಿಂಗ್ ಅರ್ಜಿಯ ಜೊತೆಗೇ ಹೋಗಬೇಕು. ಅಂದರೆ ಒಳಗೆ ಬಿಡುತ್ತಾರೋ ಇಲ್ಲವೋ ತಿಳಿಯುವ ಮೊದಲೇ ಟಿಕೆಟ್ಟಿಗೂ ಟೆಂಟಿಗೂ ಹಣ ಕಟ್ಟಿರಬೇಕು. ಮದುವೆ ಊಟ ಮುಗಿಸಿ ಹೆಣ್ಣು ಕೇಳಲು ಹೋದ ಹಾಗೆ. ಅರ್ಜಿ ತಿರಸ್ಕಾರವಾದರೆ 30 ಡಾಲರ್ ವಾಪಸಿಲ್ಲ. ಮಕ್ಕಳಿಗೂ ಪ್ರತ್ಯೇಕ ಅರ್ಜಿ. ಇನ್ನು ಗೂಗಲಿನಲ್ಲಿ ಮೊದಲು ಕಾಣುವ ಚೆಂದದ ತಾಣವನ್ನೇ ಸರ್ಕಾರ ಎಂದು ನಂಬಬೇಡಿ. ಅಸಲಿ ತಾಣದ ವಿಳಾಸ ‘ಗೋ ಡಾಟ್ ಕೆಇ’ ಎಂದು ಮುಗಿಯುತ್ತದೆ. ಹಾಗೆ ಮುಗಿಯದ್ದರಲ್ಲಿ ನಿಮ್ಮ ದುಡ್ಡು ಮುಗಿಯುತ್ತದೆ.

ಇದೆಲ್ಲ ದಾಟಿ ಬಂದವರು ಸಿಕ್ಕಿಬೀಳುವುದು ಹೆಸರಿನಲ್ಲಿ. ಗೋಣಿಕೊಪ್ಪದ ಸೈಬರ್ ಅಂಗಡಿಯ ಹುಡುಗ ‘ಅಂಕಲ್, ಸರ್‌ನೇಮ್ ಏನು?’ ಎಂದಾಗ ಶುರುವಾಗುವ ಚರ್ಚೆ ಮಧ್ಯಾಹ್ನದ ಊಟಕ್ಕೂ ನಿಲ್ಲುವುದಿಲ್ಲ. ಕೊಡವರ ಹೆಸರು ಒಕ್ಕದಿಂದ, ಅಂದರೆ ಮನೆತನದ ಹೆಸರಿನಿಂದ, ಆರಂಭವಾಗುತ್ತದೆ, ನಡುವೆ ಅಪ್ಪ ಇರುತ್ತಾರೆ, ಕೊನೆಯಲ್ಲಿ ನಾವು. ಕೋದಂಡೇರ ಮಾದಪ್ಪ ಕಾರ್ಯಪ್ಪ ಎಂಬುದನ್ನು ಫಾರಮ್ಮಿನ ಕಣ್ಣಿನಿಂದ ನೋಡಿ: ಫಸ್ಟ್ ನೇಮ್ ಕೋದಂಡೇರ, ಸರ್‌ನೇಮ್ ಕಾರ್ಯಪ್ಪ. ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕರನ್ನೂ ಅದು ಕುಟುಂಬದ ಹೆಸರು ಹಿಡಿದೇ ಕೂಗುತ್ತದೆ. ಆ ಹೆಸರಿಗೆ ಓಗೊಡಲು ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಮೂವತ್ತು ಜನ ಇರುತ್ತಾರೆ. ಇದಕ್ಕೇ ಹೆದರಿ ಕೆಲವರು ಮೂರನ್ನೂ ಗಿವನ್ ನೇಮ್ ಜಾಗದಲ್ಲಿ ತುರುಕಿ, ಸರ್‌ನೇಮ್ ಖಾಲಿ ಬಿಟ್ಟು ಪಾಸ್‌ಪೋರ್ಟ್ ಮಾಡಿಸಿರುತ್ತಾರೆ. ಫಾರಮ್ಮು ಖಾಲಿ ಬಿಟ್ಟರೆ ಮುಂದೆ ಹೋಗದು. ಅಂಥವರು ಪಾಸ್‌ಪೋರ್ಟಿನ ಫೋಟೊ ಪುಟದ ತಳದಲ್ಲಿ ಬಾಣದ ಗುರುತು ತುಂಬಿದ ಎರಡು ಸಾಲು ನೋಡಬೇಕು. ವಿಮಾನ ನಿಲ್ದಾಣದ ಯಂತ್ರ ಓದುವುದು ಅದನ್ನೇ. ಟಿಕೆಟ್ಟೂ ಇಟಿಎಯೂ ಆ ಸಾಲಿಗೆ ತಾಳೆಯಾದರೆ ಸಾಕು, ಅಜ್ಜಯ್ಯ ಇಟ್ಟ ಹೆಸರಿಗೆ ತಾಳೆಯಾಗಬೇಕಿಲ್ಲ. ಒಬ್ಬನೇ ಮನುಷ್ಯ ಆಧಾರ್‌ನಲ್ಲಿ ‘ಕೆ’ ಇಂದ, ಪಾಸ್‌ಪೋರ್ಟಿನಲ್ಲಿ ‘ಸಿ’ ಇಂದ ಕಾರ್ಯಪ್ಪನಾಗಿರುವುದು ಬೇರೆ ಕಥೆ. ಹುಟ್ಟಿದ ಊರು ಮಡಿಕೇರಿಯೋ ಮರ್ಕರಾವೋ ಎನ್ನುವುದೂ.

ಫೋಟೊ ಪುಟವನ್ನು ಮೊಬೈಲಿನಲ್ಲಿ ತೆಗೆದರೆ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಹೊಳೆದು ಆ ಎರಡು ಸಾಲೇ ಮಾಯವಾಗುತ್ತವೆ. ಹಗಲು ಬೆಳಕಿನಲ್ಲಿ ತೆಗೆಯಿರಿ ಅನ್ನೋಣವೆಂದರೆ ಅದು ಜುಲೈ. ಕೀನ್ಯಾದ ಮಾರಾ ನದಿಯನ್ನು ಪ್ರಾಣಿಗಳು ಹಿಂಡುಹಿಂಡಾಗಿ ದಾಟುವುದು ಜುಲೈಯಿಂದ ಅಕ್ಟೋಬರ್‌ವರೆಗೆ, ಇಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದು ಕರೆಂಟು ಹೋಗುವುದೂ ಆಗಲೇ. ಕರೆಂಟು ಬಂದರೆ ಟವರ್ ಇಲ್ಲ. ಎರಡೂ ಇದ್ದ ದಿನ ಕಾರ್ಡು ಒಪ್ಪುವುದಿಲ್ಲ, ಏಕೆಂದರೆ ವಿದೇಶಿ ವ್ಯವಹಾರವನ್ನು ಬ್ಯಾಂಕು ಮೊದಲೇ ಬಂದ್ ಮಾಡಿ ಕಳಿಸಿರುತ್ತದೆ. ಅದನ್ನು ಆ್ಯಪಿನಲ್ಲಿ ತೆರೆಯಬೇಕು. ತೆರೆಯಲು ಓಟಿಪಿ ಬೇಕು. ಓಟಿಪಿ ಬರುವುದು ತೋಟದ ಆಚೆಯ ಏರಿನ ಮೇಲೆ, ಕೊಡೆ ಹಿಡಿದು ನಿಂತವರಿಗೆ.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಕೀನ್ಯಾವನ್ನು ಬೈಯುವ ಹಾಗಿಲ್ಲ. ಭಾರತದಿಂದ ನೇರ ಬರುವವರನ್ನು ಅದು ಲಸಿಕೆ ಕೇಳುವುದಿಲ್ಲ. ಕೇಳುವುದು ನಮ್ಮದೇ ಸರ್ಕಾರ, ವಾಪಸ್ ಬರುವಾಗ. ಸರಿಯಾಗಿ ನೋಡಿದರೆ ಇದು ಮನೆಗೆ ಮರಳುವ ವೀಸಾ. ಲಸಿಕೆಯ ಚೀಟಿ ಇಲ್ಲದೆ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಕೂಡಿಹಾಕಬಹುದು. ನಿಯಮವೇನೂ ಹುಚ್ಚಲ್ಲ: ನಮ್ಮಲ್ಲಿ ಆ ಜ್ವರವಿಲ್ಲ, ಆದರೆ ಅದನ್ನು ಹೊತ್ತು ತಿರುಗಬಲ್ಲ ಈಡಿಸ್ ಸೊಳ್ಳೆ, ಡೆಂಗಿ ಹರಡುವ ಅದೇ ಸೊಳ್ಳೆ, ಧಾರಾಳವಾಗಿದೆ. ಹುಚ್ಚು ಇರುವುದು ದಾರಿಯಲ್ಲಿ. ಲಸಿಕೆ ಸಿಗುವುದು ಸರ್ಕಾರ ಗೊತ್ತುಮಾಡಿದ ಕೆಲವೇ ಕೇಂದ್ರಗಳಲ್ಲಿ. ಹೆಚ್ಚಿನವರು ಬೆಂಗಳೂರಿಗೇ ಓಡುತ್ತಾರೆ. ಅರ್ಧ ಮಿಲಿಲೀಟರ್ ಮದ್ದಿಗೆ ಹೋಗಿಬರಲು ಐನೂರು ಕಿಲೋಮೀಟರ್. ಒಂದು ಸೀಸೆಯಲ್ಲಿ ಹಲವರ ಮದ್ದಿರುತ್ತದೆ, ಕಲಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು; ಆದ್ದರಿಂದ ಕೇಂದ್ರದವರು ವಾರದ ದಿನ ಗೊತ್ತುಮಾಡಿ, ಮೊದಲೇ ಹೆಸರು ಬರೆಸಿಕೊಂಡು ಜನ ಸೇರಿಸುತ್ತಾರೆ. ಫೋನು ಮಾಡದೆ ಹೋದರೆ ಇಡ್ಲಿ ತಿಂದು ವಾಪಸ್. ಪ್ರಯಾಣಕ್ಕೆ ಹತ್ತು ದಿನ ಮೊದಲು ಹಾಕಿಸಿರಬೇಕು. ಒಂಬತ್ತನೆಯ ದಿನದ್ದು ಲೆಕ್ಕಕ್ಕಿಲ್ಲ. ಮೊಟ್ಟೆ ಒಗ್ಗದವರು ಮತ್ತು 60 ದಾಟಿದವರು ಮೊದಲು ವೈದ್ಯರನ್ನು ಕಾಣಬೇಕು. ಲಸಿಕೆ ಹಾಕಿ ಕೊಡುವ ಹಳದಿ ಪುಸ್ತಕದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಸರಿಯಾಗಿದೆಯೇ ಎಂದು ಅಲ್ಲೇ ನಿಂತು ಓದಿ. 2016ರಿಂದ ಈ ಚೀಟಿ ಜೀವನಪರ್ಯಂತ ನಡೆಯುತ್ತದೆ. ಮೂವತ್ತು ಡಾಲರಿನ ಇಟಿಎ ಮಾತ್ರ ಪ್ರತಿ ಪ್ರವಾಸಕ್ಕೂ ಹೊಸದು.

ಅಷ್ಟು ಮಾಡಿ ಹೋಗಿ ನೋಡುವುದಾದರೂ ಏನು? ದೊಡ್ಡ ಜಿಂಕೆಯಂಥ ಲಕ್ಷಾಂತರ ವೈಲ್ಡ್‌ಬೀಸ್ಟ್‌ಗಳು ತಾಂಜಾನಿಯಾದಿಂದ ಕೀನ್ಯಾಕ್ಕೆ ಯಾವ ಫಾರಂ ತುಂಬದೆ ನುಗ್ಗುವುದನ್ನು. ತಾಂಜಾನಿಯಾದ ಸೆರೆಂಗೆಟಿ, ಕೀನ್ಯಾದ ಮಸಾಯಿ ಮಾರಾ ಎರಡೂ ಒಂದೇ ಹುಲ್ಲುಗಾವಲು, ನಡುವೆ ಗಡಿ. ಆ ದಾರಿ ಪ್ರವಾಸಿಗರಿಗೆ 1977ರಿಂದ ಮುಚ್ಚಿದೆ. ಆಚೆಗೆ ಹೋಗಬೇಕೆಂದರೆ ಗಡಿ ಪಟ್ಟಣ ಇಸೆಬಾನಿಯಾದ ಕಡೆಯಿಂದ ಸುತ್ತಿ, 50 ಡಾಲರಿನ ಇನ್ನೊಂದು ವೀಸಾ ತೋರಿಸಬೇಕು. ನೂರು ಡಾಲರಿಗೆ ಪೂರ್ವ ಆಫ್ರಿಕಾ ವೀಸಾ ಎಂಬುದೊಂದಿದೆ, ಕೀನ್ಯಾ, ಉಗಾಂಡ, ರುವಾಂಡ ಮೂರಕ್ಕೂ ನಡೆಯುತ್ತದೆ. ಪ್ರಾಣಿಗಳು ಹೊರಡುವ ತಾಂಜಾನಿಯಾ ಅದರಲ್ಲಿಲ್ಲ.

ಇಟಿಎಯ ರಗಳೆಯೇ ಬೇಡ, ದಕ್ಷಿಣ ಆಫ್ರಿಕಾದ ಕಾಡುಪ್ರಾಣಿಗಳ ತಾಣ ಕ್ರೂಗರ್‌ಗೆ ಹೋಗೋಣ ಎನ್ನುವ ಬೆಳೆಗಾರ ಬಾಣಲೆಯಿಂದ ಬೆಂಕಿಗೆ ಬೀಳುತ್ತಾನೆ. ಅಲ್ಲಿಯ ವೀಸಾಕ್ಕೆ ಮೂರು ತಿಂಗಳ ಬ್ಯಾಂಕ್ ಲೆಕ್ಕ ಬೇಕು. ಕಾಫಿಯವನ ಖಾತೆಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ. ಮರಗಸಿ (ನೆರಳು ಮರದ ಕೊಂಬೆ ಸವರುವುದು), ಗೊಬ್ಬರ, ಬೋರ್ಡೋ ಔಷಧಿ ಸಿಂಪಡಣೆ, ಬೆಳೆಸಾಲ ಎಲ್ಲ ಕಳೆದು ಜುಲೈಗೆ ಉಳಿಯುವುದು ಕನಿಷ್ಠ ಬ್ಯಾಲೆನ್ಸ್. ಏಜೆಂಟ್ ಆದಾಯ ತೆರಿಗೆ ರಿಟರ್ನ್ ಕೇಳುತ್ತಾನೆ. ಕಾಫಿ ಚೆರಿಯನ್ನು ಹಾಗೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ, ತೆರಿಗೆಯೇ ಇಲ್ಲ. ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ಬಿಡಿಸಿ ಬೀಜ ಮಾಡಿಸಿ, ಮಾರಿದರೆ ಕಾಲು ಭಾಗಕ್ಕೆ ಮಾತ್ರ ತೆರಿಗೆ. ಹಾಗಾಗಿ ಐವತ್ತು ಎಕರೆಯ ಸಾವುಕಾರ ಕಾಗದದಲ್ಲಿ ಬಡವ, ಅವನ ಮಗನಿಗೆ ಬೆಂಗಳೂರಿನಲ್ಲಿ ತಿಂಗಳ ಸಂಬಳ ಬರುವುದರಿಂದ ಅವನೇ ಸ್ಥಿತಿವಂತ. ಆಸ್ತಿ ತೋರಿಸಿ ಅಂದರೆ ಜಮ್ಮಾ ಪಹಣಿ ಹೊರಬರುತ್ತದೆ. ಅದರಲ್ಲಿರುವುದು ಪಟ್ಟೇದಾರ, ಅಂದರೆ ಒಕ್ಕದ ಯಜಮಾನ, ಮುತ್ತಜ್ಜನ ಹೆಸರು. ಅವರು ತೀರಿಕೊಂಡು ಮೂರು ತಲೆಮಾರಾಯಿತು. ವೀಸಾ ಕೊಡುವುದಾದರೆ ಅವರಿಗೇ ಕೊಡಬೇಕು.

ಹೊರಡುವ ರಾತ್ರಿ ಪಂದಿ, ಅಂದರೆ ಹಂದಿಮಾಂಸದ, ಉಪ್ಪಿನಕಾಯಿಯನ್ನು ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಲು ಹೊರಟವರನ್ನು ತಡೆಯಿರಿ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಚೀಲ ನಿಷೇಧ, ಶಿಕ್ಷೆ ನಾಲ್ಕು ವರ್ಷ ಜೈಲಿನವರೆಗೂ ಇದೆ.

ಮಸಾಯಿ ಮಾರಾದಲ್ಲಿ ಜುಲೈಯಿಂದ ಡಿಸೆಂಬರ್‌ವರೆಗೆ ವಿದೇಶಿಯರಿಗೆ ಪ್ರವೇಶ ಶುಲ್ಕ ತಲೆಗೆ 200 ಡಾಲರ್, ಅದೂ ಹನ್ನೆರಡು ಗಂಟೆಗೆ. ಆ ದುಡ್ಡಿಗೆ ದೂರದಲ್ಲಿ ನಿಂತ ಆನೆಯ ಫೋಟೊ ತೆಗೆಯುತ್ತಿರುವಾಗ, ಇಲ್ಲಿ ಸಿದ್ದಾಪುರದ ಕಡೆಯ ತೋಟದಲ್ಲಿ ಹಲಸು ಹಣ್ಣಾಗಿರುತ್ತದೆ. ರೈಲೇ ಬಾರದ ಜಿಲ್ಲೆಗೆ ರೈಲು ಹಳಿಗಳು ಮಾತ್ರ ಬಂದಿವೆ, ಆನೆ ತಡೆಯಲು ಬೇಲಿಯಾಗಿ. ಬೇಲಿ ಮುಗಿದ ಕಡೆಯಿಂದ ಆನೆಗಳು ಹಲಸಿಗೆಂದು ಒಳಗೆ ಬರುತ್ತವೆ. ವಾಪಸ್ ಬಂದವರು ಮುರಿದ ಕಾಫಿ ಗಿಡದ ಫೋಟೊ ತೆಗೆದು, ಪಹಣಿ ಲಗತ್ತಿಸಿ, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬೇಕು. ಪಹಣಿಯಲ್ಲಿ ಮತ್ತೆ ಅದೇ ಮುತ್ತಜ್ಜ. ಸರ್‌ನೇಮ್ ಮಾತ್ರ ಇವರು ಕೇಳುವುದಿಲ್ಲ.