ಗ್ವಾಡಿ ಹಸಿ ಐತಿ, ಪುಟ್ಟಿ ಯಾಕ ಹಚ್ಚತೀರಿ?

ಈಗಷ್ಟೇ ಬಿಲ್ಡರ್ ಕಡೆಯಿಂದ ಬಂದ ಪೇಂಟರ್‌ನ ವಾಪಸ್ ಕಳಿಸಿದೆ. ಸಿಟ್ಟು ಇಳದಿಲ್ಲ, ಅದಕ್ಕ ಬರಿಯಾಕತ್ತೀನಿ.

ಪುಣೆದಾಗಿನ ನಮ್ಮ ವಾಕಡ್ ಫ್ಲ್ಯಾಟ್ ನಿಮಗೆಲ್ಲ ಗೊತ್ತೇ ಐತಿ, ಗೃಹಪ್ರವೇಶಕ್ಕ ಬಂದು ಉಂಡ ಹೋದವರು ನೀವು. ಬಾತ್‌ರೂಮಿಗೆ ಹತ್ತಿದ ಬೆಡ್‌ರೂಮ್ ಗ್ವಾಡಿ ಐತೆಲ್ಲ, ಸ್ಕರ್ಟಿಂಗ್ (ಗ್ವಾಡಿ ಬುಡಕ್ಕ ಹಚ್ಚಿದ ಟೈಲ್ಸ್ ಪಟ್ಟಿ) ಮ್ಯಾಲೆ ಒಂದು ಗೇಣು ಹಸಿ ಹಿಡದು, ಪೇಂಟ್ ಉಬ್ಬಿ, ಬಿಳಿ ಉಪ್ಪಿನಂಥಾ ಪುಡಿ ಉದುರಾಕತ್ತೈತಿ. ಬಟ್ಟು ಒತ್ತಿದ್ರ ಪ್ಲಾಸ್ಟರ್ ಕೈಗೆ ಬರ್ತದ. ಅದರ ಮ್ಯಾಲೆ ಪುಟ್ಟಿ ಹಚ್ಚಾಕ ಆ ಹುಡುಗನ ಕಳಿಸ್ಯಾರ, ಅವಂದೇನು ತಪ್ಪಿಲ್ಲ ಪಾಪ. ನೀರು ಎಲ್ಲಿಂದ ಬರಾಕತ್ತೈತಿ ಅಂತ ಯಾರೂ ನೋಡಿಲ್ಲ! ಬಾತ್‌ರೂಮಿನ ನೀರು ಹೋಗೋ ಜಾಳಿ ಬಂದ್ ಮಾಡಿ ಒಂದು ದಿನ ನೀರು ನಿಲ್ಲಿಸಿದ್ರ ವಾಟರ್‌ಪ್ರೂಫಿಂಗ್ ಹಣೇಬರಹ ತಿಳೀತದ, ಪೈಪಿಗೆ ಪ್ರೆಷರ್ ಟೆಸ್ಟ್ ಮಾಡಿದ್ರ ಲೀಕೇಜ್ ತಿಳೀತದ. ಅದೇನೂ ಇಲ್ಲ. ಸೈಟ್ ಇಂಜಿನಿಯರ್‌ದು ಒಂದೇ ಮಾತು, "ನವೀನ್ ಬಿಲ್ಡಿಂಗ್ ಆಹೆ ಸರ್, ಹೋಯಿಲ್ ಸೆಟಲ್." ಅಂದ್ರ, ಹೊಸ ಬಿಲ್ಡಿಂಗ್ ಐತಿ, ತಾನೇ ಸೆಟಲ್ ಆಗ್ತದ ಅಂತ.

ದೀಪಾವಳಿಗೆ ಪುಟ್ಟಿ ಹಚ್ಚಿದ್ರ ಬ್ಯಾಸಗಿ ತನಕ ಚಂದ ಕಾಣ್ತದ, ಜೂನ್‌ದಾಗ ಮಳಿ ಹತ್ತಿದ ಮ್ಯಾಲೆ ಮತ್ತ ಅದೇ ಕತಿ. ಅಷ್ಟ್ರಾಗ ಒಂದು ವರ್ಷ ಹೋತಲ್ಲ? ಮನಿ, ಫ್ಲ್ಯಾಟ್ ತಗೊಂಡವರ ಹಕ್ಕು ಕಾಯೋ 2016ರ ರೇರಾ ಕಾಯ್ದೆ ಸೆಕ್ಷನ್ 14(3) ಓದ್ರಿ. ಪೊಸೆಷನ್ ಕೊಟ್ಟ ದಿನದಿಂದ 5 ವರ್ಷದೊಳಗ ಕೆಲಸದ್ದು, ಕ್ವಾಲಿಟಿದು ಏನ ದೋಷ ತೋರಿಸಿದ್ರೂ ಬಿಲ್ಡರ್ 30 ದಿನದಾಗ ಒಂದು ರೂಪಾಯಿ ತಗೊಳ್ಳದ ಸರಿ ಮಾಡಿಕೊಡಬೇಕು, ಇಲ್ಲಾಂದ್ರ ಪರಿಹಾರ ಕೇಳೋ ಹಕ್ಕು ನಮಗೈತಿ. ಒಂದೊಂದು ಕೋಟ್ ಪುಟ್ಟಿನೂ ಆ 5 ವರ್ಷದಾಗ ಒಂದೊಂದು ಮಳಿಗಾಲ ತಿಂತದ, ಮ್ಯಾಲೆ ಇದ್ದ ಪುರಾವೆನೂ ಮುಚ್ಚತದ.

ಹೊಸ ಮನ್ಯಾಗ ಸಣ್ಣ ಕ್ರ್ಯಾಕ್ ಬರೋದೇ ಅಂತೀರಿ. ಬರ್ತಾವ, ಒಪ್ಪತೀನಿ, ಬ್ಲಾಕು ಕಾಲಮ್ಮು ಕೂಡೋ ಕಡೆ ಪ್ಲಾಸ್ಟರ್ ಒಣಗಿ ಕೂದಲಿನಂಥಾ ಗೆರಿ ಬೀಳ್ತದ. ಅದೇ ಗೆರಿ ಅಗಲ ಆಗಾಕತ್ತಿದ್ರ, ಬೀಮಿನ್ಯಾಗ ಕಾಲಮ್ಮಿನ್ಯಾಗ ಕಂಡ್ರ, ಸ್ಟ್ರಕ್ಚರಲ್ ಇಂಜಿನಿಯರ್‌ನ ಕರಸ್ರಿ. ನಮ್ಮನ್ಯಾಗಿಂದು ಗೆರಿ ಅಲ್ಲ್ರಿ, ನೀರು. ನೀರು ಸೆಟಲ್ ಆಗೂದಿಲ್ಲ.

ಇದಕ್ಕಿಂತ ಹೊಟ್ಟಿ ಉರದಿದ್ದು ಸೊಸೈಟಿ ಗ್ರೂಪಿನ್ಯಾಗ. ಫೋಟೋ ಹಾಕಿದ ಕೂಡ್ಲೇ "ಡಿಲೀಟ್ ಮಾಡ್ರಿ, ಫ್ಲ್ಯಾಟ್ ರೇಟ್ ಬೀಳ್ತದ" ಅಂದ್ರು, ಅದೂ ನಮ್ಮ ವಿಜಯಪುರದವರೇ. ಅಣ್ಣಾರ, ನಾ ಮನಿ ಮಾರಾಕ ತಗೊಂಡಿಲ್ಲ, ಇರಾಕ ತಗೊಂಡೀನಿ. ಊರಾಗ ಅವ್ವ ಫೋನ್ ಮಾಡಿದಾಗೆಲ್ಲ ಮನಿ ಚೊಲೋ ಐತಿ ಅಂತೀನಿ, ಫೋನ್ ಇಟ್ಟು ಹೋಗಿ ಆ ಗ್ವಾಡಿ ಮುಟ್ಟಿ ನೋಡತೀನಿ.

ಫೋಟೋ ಡಿಲೀಟ್ ಮಾಡೂದಿಲ್ಲ. ತಾರೀಖು ಸಮೇತ ಬಿಲ್ಡರ್‌ಗೆ ಈಮೇಲ್ ಹಾಕೀನಿ, 30 ದಿನ ಮುಗದ್ರ ಮಹಾರೇರಾಕ್ಕ (ಮಹಾರಾಷ್ಟ್ರದ ರೇರಾ ಪ್ರಾಧಿಕಾರಕ್ಕ) ಕಂಪ್ಲೇಂಟ್. ನಮ್ಮ ಲೈನಿನ ಮ್ಯಾಲಿನ, ಕೆಳಗಿನ ಫ್ಲ್ಯಾಟಿನವರು ಇದನ್ನ ಓದಾಕತ್ತಿದ್ರ ನಿಮ್ಮ ಬಾತ್‌ರೂಮ್ ಗ್ವಾಡಿ ಇವತ್ತೇ ನೋಡ್ರಿ, ಹಸಿ ಇದ್ರ ನೀವೂ ಬರದ ಹಾಕ್ರಿ, ಫೋನಿನ್ಯಾಗ ಹೇಳಿ ಬಿಡಬ್ಯಾಡ್ರಿ.